ಆಟಿಸಂ ಇರುವ ಮಗುವಿನ ಮನೆಗೆ: ಯಾವುದು ಕೆಲಸಕ್ಕೆ ಬಂತು, ಯಾವುದು ಕಪಾಟು ಸೇರಿತು

ಮಗುವಿಗೆ ಆಟಿಸಂ ಇದೆ ಅಂತ ಗೊತ್ತಾದ ಮೇಲೆ ಮನೆಯಲ್ಲಿ ಸಾಮಾನು ಜಾಸ್ತಿ ಆಗುತ್ತಾ ಹೋಗುತ್ತದೆ. ಒಬ್ಬರು ಕಾರ್ಡು ತಗೊಳ್ಳಿ ಅಂತಾರೆ, ಇನ್ನೊಬ್ಬರು ಆ್ಯಪ್ ಹಾಕಿಕೊಳ್ಳಿ ಅಂತಾರೆ, ಫೋನ್ ತೆರೆದರೆ ಒಳಗೆ ತೂಕ ತುಂಬಿದ ಭಾರದ ಹೊದಿಕೆ, ಬಣ್ಣ ಬದಲಿಸುವ ದೀಪ, ಅಗಿಯುವ ಸರ, ಸೆನ್ಸರಿ ಕಿಟ್ (ಶಬ್ದ, ಬೆಳಕು, ಸ್ಪರ್ಶಕ್ಕೆ ಸಂಬಂಧಿಸಿದ ಸಾಮಾನು) ಅಂತ ಜಾಹೀರಾತು ಸಾಲುಗಟ್ಟಿ ಬರುತ್ತವೆ. ಯಾವುದನ್ನಾದರೂ ಬಿಟ್ಟರೆ ಮಗುವಿಗೆ ಅನ್ಯಾಯ ಆಗುತ್ತದೋ ಏನೋ ಅನ್ನುವ ಭಯ ಅಪ್ಪ ಅಮ್ಮಂದಿರಿಗೆ. ಆ ಭಯದ ಮೇಲೆಯೇ ಎಷ್ಟೋ ವ್ಯಾಪಾರ ನಡೆಯುತ್ತದೆ. ನನ್ನ ಮಗನಿಗೆ ಮಾತು ಕಡಿಮೆ, ಜೋರು ಶಬ್ದ ತಡೆಯುವುದಿಲ್ಲ, ಹೇಳದೆ ಕೇಳದೆ ಏನಾದರೂ ಬದಲಾದರೆ ತುಂಬ ಕಷ್ಟಪಡುತ್ತಾನೆ. ಅವನ ಜೊತೆ ಮನೆಯಲ್ಲಿ ಬಳಸಿ ನೋಡಿದ ವಸ್ತು, ಆ್ಯಪ್, ಕೋರ್ಸುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇವುಗಳಲ್ಲಿ ಒಳ್ಳೆಯವು ಬಹುಪಾಲು ಪುಕ್ಕಟೆ ಸಿಗುತ್ತವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ನೋಡುವುದು ಎರಡೇ ವಿಷಯ. ಇದರಿಂದ ಮುಂದೆ ಏನಾಗುತ್ತದೆ ಅಂತ ಮಗುವಿಗೆ ಗೊತ್ತಾಗುತ್ತದಾ? ತನಗೆ ಬೇಕಾದ್ದು, ಬೇಡವಾದ್ದು ನಮಗೆ ಹೇಳಲು ಅದಕ್ಕೆ ದಾರಿ ಸಿಗುತ್ತದಾ? ಎರಡರಲ್ಲಿ ಒಂದಾದರೂ ಆದರೆ ಆ ವಸ್ತುವಿಗೆ ಮನೆಯಲ್ಲಿ ಜಾಗ ಇದೆ. ಮಗುವನ್ನು ಸುಮ್ಮನೆ ಕೂರಿಸುವುದಕ್ಕೆ, ಕೈ ಆಡಿಸದ ಹಾಗೆ ಮಾಡುವುದಕ್ಕೆ, ನೋಡಿದವರಿಗೆ ಆಟಿಸಂ ಕಾಣದ ಹಾಗೆ ಮಾಡುವುದಕ್ಕೆ ಅಂತ ಮಾರುವ ಯಾವುದನ್ನೂ ನಾನು ಶಿಫಾರಸು ಮಾಡುವುದಿಲ್ಲ.

ಮೊದಲ ಸ್ಥಾನ ಚಿತ್ರದ ದಿನಚರಿಗೆ, ಅಂದರೆ ವಿಷುಯಲ್ ಶೆಡ್ಯೂಲ್‌ಗೆ. ಹಲ್ಲುಜ್ಜುವುದು, ಸ್ನಾನ, ಬಟ್ಟೆ, ಶಾಲೆ, ಆಟ, ನಿದ್ದೆ, ಹೀಗೆ ಒಂದೊಂದಕ್ಕೂ ಒಂದು ಚಿತ್ರ. ಗೋಡೆಯ ಮೇಲೆ ವೆಲ್‌ಕ್ರೊ ಪಟ್ಟಿ ಅಂಟಿಸಿ ಚಿತ್ರಗಳನ್ನು ಸಾಲಾಗಿ ಇಡಬೇಕು. ಒಂದು ಕೆಲಸ ಮುಗಿದಾಗ ಆ ಚಿತ್ರವನ್ನು ಮಗುವೇ ಕಿತ್ತು ಕೆಳಗಿರುವ ಲಕೋಟೆಗೆ ಹಾಕಬೇಕು. ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಬಾಯಲ್ಲಿ ಹೇಳಿದ್ದು ಆ ಕ್ಷಣಕ್ಕೆ ಮುಗಿದುಹೋಗುತ್ತದೆ, ಚಿತ್ರ ಅಲ್ಲೇ ಇರುತ್ತದೆ. ಅನುಮಾನ ಬಂದಾಗೆಲ್ಲ ಹೋಗಿ ನೋಡಬಹುದು, ಯಾರನ್ನೂ ಕೇಳಬೇಕಿಲ್ಲ. ನಮ್ಮ ಮನೆಯಲ್ಲಿ ಬೆಳಗಿನ ಹೊತ್ತಿನ ಅಳು ಕಡಿಮೆ ಆಗಿದ್ದು ಇದರಿಂದಲೇ. ನಾವು ದೊಡ್ಡವರು ಒಂದೇ ಮಾತನ್ನು ಹತ್ತು ಸಲ ಹೇಳುವುದು ಕೂಡ ನಿಂತಿತು. ಅದು ಅವನಿಗೆ ಎಷ್ಟು ಹಾಯಾಗಿರಬೇಕು ಅಂತ ಈಗ ಅನ್ನಿಸುತ್ತದೆ.

ಇದು ಹೊಸ ಕಲ್ಪನೆ ಏನಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಶುರುವಾದ 'ಟೀಚ್' ಅನ್ನುವ ಕಾರ್ಯಕ್ರಮ ಇದನ್ನೇ ನಂಬಿ ಬೆಳೆದಿದ್ದು. ಅದನ್ನು ಕಟ್ಟಿದ ಎರಿಕ್ ಶಾಪ್ಲರ್ ಇನ್ನೊಂದು ದೊಡ್ಡ ಕೆಲಸವನ್ನೂ ಮಾಡಿದರು. ಮಗುವಿಗೆ ಆಟಿಸಂ ಬಂದಿದ್ದು ತಾಯಿಯ ಪ್ರೀತಿ ಸಾಲದೆ ಅಂತ ದೊಡ್ಡ ದೊಡ್ಡವರೇ ಹೇಳುತ್ತಿದ್ದ ಕಾಲದಲ್ಲಿ, ಅಪ್ಪ ಅಮ್ಮ ಚಿಕಿತ್ಸೆಯಲ್ಲಿ ಸಮಾನ ಜೊತೆಗಾರರು ಅಂತ ನಿಂತು ಹೇಳಿದವರು ಅವರು.

ಚಿತ್ರಗಳಿಗೆ ದುಡ್ಡು ಕೊಡಬೇಡಿ. ಸ್ಪೇನ್ ದೇಶದ ಅರಗಾನ್ ಪ್ರಾಂತ್ಯದ ಸರ್ಕಾರ ನಡೆಸುವ 'ಅರಾಸಾಕ್' ಅನ್ನುವ ಜಾಲತಾಣದಲ್ಲಿ ಸಾವಿರಾರು ಚಿತ್ರಗಳು ಪುಕ್ಕಟೆ ಇವೆ. ಮಾರಾಟಕ್ಕೆ ಬಳಸುವ ಹಾಗಿಲ್ಲ, ಮನೆಗೆ ಶಾಲೆಗೆ ಎಷ್ಟು ಬೇಕಾದರೂ ಪ್ರಿಂಟ್ ತೆಗೆದುಕೊಳ್ಳಬಹುದು. ಚಿತ್ರದಲ್ಲಿರುವವರ ಚರ್ಮದ ಬಣ್ಣ, ಕೂದಲ ಬಣ್ಣ ಬದಲಿಸಬಹುದು, ಬೇಡ ಅಂತ ತೋರಿಸಲು ಅಡ್ಡಗೀಟು ಹಾಕಬಹುದು. ಚಿತ್ರಗಳು ತುಂಬ ಸರಳವಾಗಿವೆ, ಬೇಡದ ವಿವರ ಇಲ್ಲ, ಅದೇ ಅದರ ಗುಣ. ಹಣ ಕೊಟ್ಟು ಕೊಳ್ಳುವ ಎಷ್ಟೋ ಕಾರ್ಡುಗಳಲ್ಲಿ ಹಿನ್ನೆಲೆಯಲ್ಲಿ ಹೂವು, ಚಿಟ್ಟೆ, ನಗುವ ಸೂರ್ಯ ಎಲ್ಲ ತುಂಬಿರುತ್ತಾರೆ. ಮಗು ಚಿಟ್ಟೆಯನ್ನು ನೋಡುತ್ತಾ ಕೂರುತ್ತದೆ, ಹಲ್ಲುಜ್ಜುವ ಬ್ರಷ್ ಅದರ ಕಣ್ಣಿಗೇ ಬೀಳುವುದಿಲ್ಲ.

ಒಂದು ಎಚ್ಚರಿಕೆ. ಎಲ್ಲ ಮಕ್ಕಳಿಗೂ ಗೆರೆಯ ಚಿತ್ರ ಮೊದಲ ದಿನವೇ ಅರ್ಥ ಆಗುವುದಿಲ್ಲ. ಹಾಗಿದ್ದರೆ ನಿಮ್ಮದೇ ಬಚ್ಚಲಿನ, ನಿಮ್ಮದೇ ಮಂಚದ ಫೋಟೊ ತೆಗೆದು ಅಂಟಿಸಿ. ಫೋಟೊ ಕೂಡ ಅರ್ಥ ಆಗದಿದ್ದರೆ ವಸ್ತುವನ್ನೇ ಕೈಗೆ ಕೊಡಿ. ಟವೆಲ್ ಕೊಟ್ಟರೆ ಸ್ನಾನ, ಚಪ್ಪಲಿ ಕೊಟ್ಟರೆ ಹೊರಗೆ ಹೋಗುವುದು. ಚಿಕ್ಕ ಮಕ್ಕಳಿಗೆ ಇಡೀ ದಿನದ ಪಟ್ಟಿ ಬೇಡ. 'ಮೊದಲು ಇದು, ಆಮೇಲೆ ಅದು' ಅಂತ ಎರಡೇ ಚಿತ್ರ ಸಾಕು. ಇನ್ನು ಪಟ್ಟಿ ಮಾಡಿಟ್ಟ ಮೇಲೆ 'ಬದಲಾವಣೆ' ಅನ್ನುವುದಕ್ಕೂ ಒಂದು ಕಾರ್ಡು ಮಾಡಲೇಬೇಕು. ಮಳೆ ಬಂತು, ಪಾರ್ಕಿಗೆ ಹೋಗಲು ಆಗಲಿಲ್ಲ ಅಂದಾಗ ಪಾರ್ಕಿನ ಚಿತ್ರದ ಮೇಲೆ ಆ ಕಾರ್ಡು ಇಟ್ಟು, ಪಕ್ಕದಲ್ಲಿ ಬದಲಿಗೆ ಏನು ಅಂತ ಇಡುವುದು. ಇಷ್ಟವಾದ ಬದಲಾವಣೆಗಳಿಂದ ಇದನ್ನು ಕಲಿಸಿ. ಕೆಟ್ಟ ಸುದ್ದಿ ಬಂದಾಗ ಮಾತ್ರ ಆ ಕಾರ್ಡು ಹೊರಗೆ ತೆಗೆದರೆ, ಮಗು ಅದನ್ನು ಕಂಡರೇ ಓಡುತ್ತದೆ.

ಎರಡನೆಯದು ಕಣ್ಣಿಗೆ ಕಾಣುವ ಟೈಮರ್. ಟೈಮ್ ಟೈಮರ್ ಅನ್ನುವುದು ಬಹಳ ಜನರಿಗೆ ಗೊತ್ತಿರುವ ಹೆಸರು. ಜ್ಯಾನ್ ರೋಜರ್ಸ್ ಅನ್ನುವ ತಾಯಿ ತನ್ನ ಪುಟ್ಟ ಮಗಳಿಗಾಗಿ ಮಾಡಿದ್ದು ಅದು. ಕೆಂಪು ಬಿಲ್ಲೆ ಇರುತ್ತದೆ, ಹೊತ್ತು ಹೋದ ಹಾಗೆ ಕೆಂಪು ಸಣ್ಣದಾಗುತ್ತಾ ಕೊನೆಗೆ ಮಾಯ ಆಗುತ್ತದೆ. ಅಂಕಿ ಗೊತ್ತಿಲ್ಲದ ಮಗುವಿಗೂ ಎಷ್ಟು ಉಳಿದಿದೆ ಅಂತ ಕಾಣುತ್ತದೆ. 'ಇನ್ನೈದು ನಿಮಿಷ' ಅಂತ ನಾವು ಹೇಳುವುದು ಆಗಾಗ ಹದಿನೈದು ನಿಮಿಷ ಆಗುತ್ತದೆ, ಅಲ್ವಾ? ಟೈಮರ್ ಹಾಗೆ ಮಾಡುವುದಿಲ್ಲ. ವಿಡಿಯೊ ನೋಡುವ ಟ್ಯಾಬ್ಲೆಟ್ ಕೊಡುವ, ವಾಪಸ್ ತಗೊಳ್ಳುವ ಹೊತ್ತಿಗೆ ನಮಗೆ ಇದು ಬಹಳ ಉಪಯೋಗಕ್ಕೆ ಬಂದಿದೆ. ಕೊಳ್ಳುವಾಗ ಕೊನೆಯ ಬೀಪ್ ಶಬ್ದ ಆರಿಸಲು ಬರುತ್ತದಾ ಅಂತ ನೋಡಿ. ಶಬ್ದಕ್ಕೆ ಹೆದರುವ ಮಗು ಆ ಬೀಪ್‌ಗೆ ಕಾಯುತ್ತಾ ಕಾಯುತ್ತಾ ಆಟವನ್ನೇ ಮರೆತುಬಿಡುತ್ತದೆ. ಕೆಲವು ಮಕ್ಕಳಿಗೆ ಕರಗುತ್ತಾ ಹೋಗುವ ಕೆಂಪು ನೋಡಿದರೇ ಆತಂಕ. ಅಂಥವರಿಗೆ ಇದನ್ನು ಹೇರಬೇಡಿ, 'ಇನ್ನು ಮೂರು ಸಲ ಜಾರುಬಂಡೆ ಆಡಿ ಹೊರಡೋಣ' ಅಂತ ಎಣಿಕೆಯಲ್ಲೇ ಹೇಳಬಹುದು.

ಇನ್ನು ಮಾತಿನ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಜನ ಅತಿ ಹೆಚ್ಚು ತಡ ಮಾಡುವುದು ಇಲ್ಲೇ. ಬಾಯಿಮಾತಿಗೆ ಬದಲು ಅಥವಾ ಜೊತೆಗೆ ಚಿತ್ರ, ಸನ್ನೆ, ಮಾತಾಡುವ ಆ್ಯಪ್ ಬಳಸುವುದನ್ನು ಒಟ್ಟಾಗಿ ಎಎಸಿ ಅಂತಾರೆ. ಇದನ್ನು ಕೊಟ್ಟರೆ ಮಗು ಮಾತು ಕಲಿಯುವುದೇ ಇಲ್ಲ, ಸೋಮಾರಿ ಆಗುತ್ತದೆ ಅನ್ನುವ ಮಾತು ಸಂಬಂಧಿಕರಿಂದ ಹಿಡಿದು ಕೆಲವು ಶಿಕ್ಷಕರವರೆಗೆ ಎಲ್ಲರ ಬಾಯಲ್ಲೂ ಇದೆ. ಇದು ನಿಜ ಅಲ್ಲ. 2006ರಲ್ಲಿ ಮಿಲ್ಲರ್, ಲೈಟ್, ಶ್ಲಾಸರ್ ಅನ್ನುವ ಮೂವರು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜರಡಿ ಹಿಡಿದು, ಗಟ್ಟಿಯಾದ ಸಾಕ್ಷ್ಯ ಇದ್ದ 27 ಜನರ ವಿವರ ನೋಡಿದರು. ಎಎಸಿ ಶುರು ಮಾಡಿದ ಮೇಲೆ ಒಬ್ಬರ ಮಾತೂ ಕಡಿಮೆ ಆಗಿರಲಿಲ್ಲ. ಶೇಕಡ 89 ಜನರಲ್ಲಿ ಮಾತು ಜಾಸ್ತಿ ಆಗಿತ್ತು. ಹೆಚ್ಚಿದ್ದು ಕೆಲವರಲ್ಲಿ ಸ್ವಲ್ಪವೇ ಇರಬಹುದು, ಆದರೆ ನಷ್ಟ ಅಂತೂ ಆಗಲಿಲ್ಲ. ಮಾತು ಬರಲಿ ಆಮೇಲೆ ನೋಡೋಣ ಅಂತ ಕಾಯುವ ವರ್ಷಗಳಲ್ಲಿ ಮಗುವಿಗೆ ಹೊಟ್ಟೆನೋವು ಅಂತ ಹೇಳಲೂ ದಾರಿ ಇರುವುದಿಲ್ಲ, ಅದನ್ನು ಯೋಚನೆ ಮಾಡಿ.

ಕಾರ್ಡಿನಿಂದ ಶುರು ಮಾಡುವವರಿಗೆ ಪೆಕ್ಸ್ ಇದೆ. ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ಪದ್ಧತಿ, ಆರು ಹಂತ. ಮಗು ಚಿತ್ರದ ಕಾರ್ಡನ್ನು ಎತ್ತಿ ನಮ್ಮ ಕೈಗೆ ಕೊಟ್ಟರೆ ಆ ವಸ್ತು ಕೂಡಲೇ ಸಿಗುತ್ತದೆ. ಅಂದರೆ ಹೇಳಲು ಇನ್ನೊಬ್ಬರ ಹತ್ತಿರ ಹೋಗಬೇಕು ಅನ್ನುವುದನ್ನೇ ಮೊದಲು ಕಲಿಸುತ್ತದೆ. ಮೊದಲ ಹಂತಕ್ಕೆ ಇಬ್ಬರು ಬೇಕು. ಒಬ್ಬರು ಎದುರಿಗೆ ವಸ್ತು ಹಿಡಿದು ಕೂರಬೇಕು, ಇನ್ನೊಬ್ಬರು ಮಗುವಿನ ಹಿಂದೆ ಕೂತು ಕೈಗೆ ಸುಮ್ಮನೆ ಆಸರೆ ಕೊಡಬೇಕು. ಎದುರಿಗೆ ಕೂತವರು 'ಏನು ಬೇಕು? ಹೇಳು, ಕೊಡು' ಅನ್ನಬಾರದು. ಮನೆಯಲ್ಲಿ ಇದೇ ಕಷ್ಟ, ಬಾಯಿ ತಡೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಕಾರ್ಡಿನ ಕಟ್ಟು ತಂದ ಮಾತ್ರಕ್ಕೆ ಪೆಕ್ಸ್ ಆಗುವುದಿಲ್ಲ, ಹಂತಗಳನ್ನು ಒಮ್ಮೆಯಾದರೂ ಗೊತ್ತಿರುವ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಲಿಯಿರಿ. ಇದರ ಮಿತಿ ನನಗೆ ಕಂಡಿದ್ದು ಇಷ್ಟು: ಬಹಳ ಕಾಲ 'ಬೇಕು, ಬೇಕು' ಅನ್ನುವಲ್ಲೇ ನಿಲ್ಲುತ್ತದೆ. ನೋಡಿದ್ದನ್ನು ಹೇಳುವುದು ಆರನೇ ಹಂತಕ್ಕೆ ಬರುತ್ತದೆ. ಆದರೆ ಮಕ್ಕಳಿಗೆ ಬೇಡಿಕೆ ಬಿಟ್ಟು ಹೇಳಲು ಬೇರೆ ಎಷ್ಟೋ ಇರುತ್ತದೆ.

ಅದಕ್ಕೇ ನಾವು ಬೇಗ ಆ್ಯಪ್‌ಗೆ ಬಂದೆವು. ಪುಕ್ಕಟೆ ಬೇಕು ಅನ್ನುವವರಿಗೆ ಸಿಬೋರ್ಡ್ ಇದೆ, ಯುನಿಸೆಫ್ ಬೆಂಬಲದಲ್ಲಿ ಬೆಳೆದ ಮುಕ್ತ ತಂತ್ರಾಂಶ. ಬ್ರೌಸರ್‌ನಲ್ಲೇ ತೆರೆಯುತ್ತದೆ, ಹಲವು ಭಾಷೆಗಳಿವೆ. ಮಗು ಚಿತ್ರ ಒತ್ತಿದರೆ ಅದು ಜೋರಾಗಿ ಹೇಳುತ್ತದೆ. ದನಿ ನಿಮ್ಮ ಫೋನ್ ಅಥವಾ ಟ್ಯಾಬ್ಲೆಟ್‌ನಲ್ಲಿ ಇರುವ ದನಿಯೇ, ಹಾಗಾಗಿ ನಿಮ್ಮ ಭಾಷೆಯ ದನಿ ಅದರಲ್ಲಿ ಇದೆಯಾ ಅಂತ ಮೊದಲು ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ದುಡ್ಡು ಕೊಟ್ಟು ಕೊಳ್ಳುವವುಗಳಲ್ಲಿ 2009ರಿಂದ ಇರುವ ಪ್ರೊಲೊಕ್ವೊಟುಗೊ ಹೆಸರಾದದ್ದು, ಆದರೆ ಅದು ಆ್ಯಪಲ್ ಸಾಧನಗಳಿಗೆ ಮಾತ್ರ ಮತ್ತು ದುಬಾರಿ. ಪದಗಳನ್ನು ಜೋಡಿಸಿರುವ ರೀತಿ ಅದರಲ್ಲಿ ತುಂಬ ಚೆನ್ನಾಗಿದೆ. ಆದರೆ ಮನೆಯವರು ಬಳಸದಿದ್ದರೆ ದುಬಾರಿ ಆ್ಯಪ್ ಕೂಡ ಸುಮ್ಮನೆ ಕೂರುತ್ತದೆ.

ಯಾವ ಆ್ಯಪ್ ಆದರೂ ನಾನು ಹೇಳುವುದು ಇದು. ಮಗುವಿಗೆ ಕೊಟ್ಟು 'ಒತ್ತು' ಅನ್ನುವ ಮೊದಲು ನೀವು ಒತ್ತಿ. 'ಬಾ, ಹೊರಗೆ ಹೋಗೋಣ' ಅನ್ನುವಾಗ 'ಹೊರಗೆ' ಅನ್ನುವ ಚಿತ್ರ ನೀವೇ ಒತ್ತಿ ತೋರಿಸಿ, ಮಗುವಿನಿಂದ ಉತ್ತರ ಬಯಸಬೇಡಿ. ಮಾತಾಡುವ ಮಗು ಬಾಯಿ ಬಿಡುವ ಮೊದಲು ವರ್ಷಗಟ್ಟಲೆ ನಮ್ಮ ಮಾತು ಕೇಳಿರುತ್ತದೆ, ಇಲ್ಲೂ ಅಷ್ಟೇ ತಾಳ್ಮೆ ಬೇಕು. ನಾಮಪದಗಳನ್ನೇ ತುಂಬಬೇಡಿ. 'ಇನ್ನೂ', 'ಸಾಕು', 'ಬೇಡ', 'ನಿಲ್ಲಿಸು', 'ಸಹಾಯ ಮಾಡು', 'ನೋಯುತ್ತೆ', ಈ ಪದಗಳು ಮೊದಲ ಪುಟದಲ್ಲೇ ಇರಲಿ. ಮಗು 'ಬೇಡ' ಅಂತ ಒತ್ತಿದಾಗ ಆದಷ್ಟೂ ಅದಕ್ಕೆ ಬೆಲೆ ಕೊಡಿ, ಇಲ್ಲದಿದ್ದರೆ ಆ ಬಟನ್‌ನಿಂದ ಏನೂ ಆಗಲ್ಲ ಅಂತ ಅದು ಕಲಿತುಬಿಡುತ್ತದೆ. ಮಾತಿನ ಟ್ಯಾಬ್ಲೆಟ್ ಬೇರೆ, ವಿಡಿಯೊ ನೋಡುವ ಟ್ಯಾಬ್ಲೆಟ್ ಬೇರೆ ಇರಲಿ, ಆಗದಿದ್ದರೆ ಕನಿಷ್ಠ ಬೇರೆ ಬಣ್ಣದ ಕವರ್ ಆದರೂ ಹಾಕಿ. ಶಿಕ್ಷೆ ಅಂತ ಅದನ್ನು ಯಾವತ್ತೂ ಕಿತ್ತುಕೊಳ್ಳಬೇಡಿ, ಅದು ಮಗುವಿನ ಬಾಯಿ. ಬಚ್ಚಲಿಗೆ, ಬ್ಯಾಟರಿ ಮುಗಿದ ಹೊತ್ತಿಗೆ ಅದೇ ಪುಟವನ್ನು ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿಸಿಟ್ಟುಕೊಳ್ಳಿ.

ಇಲ್ಲೇ ಇನ್ನೊಂದು ವಿಷಯ. ದೊಡ್ಡವರು ಮಗುವಿನ ಕೈ ಹಿಡಿದು ಅಕ್ಷರ ಒತ್ತಿಸುವ, ಅಥವಾ ಅಕ್ಷರದ ಹಲಗೆಯನ್ನು ತಾವೇ ಹಿಡಿದು ಮಗು ತೋರಿಸಿತು ಅನ್ನುವ ಪದ್ಧತಿಗಳು ಸುತ್ತಾಡುತ್ತಿವೆ. ಬರುವ ಮಾತು ಮಗುವಿನದೋ, ಕೈ ಹಿಡಿದವರದೋ ಅಂತ ಪರೀಕ್ಷೆ ಮಾಡಿದಾಗಲೆಲ್ಲ ಕೈ ಹಿಡಿದವರದೇ ಅಂತ ಗೊತ್ತಾಗಿದೆ. ಸ್ಪೀಚ್ ಥೆರಪಿಸ್ಟ್‌ಗಳ ಅಮೆರಿಕದ ಸಂಘ 2018ರಲ್ಲಿ ಇಂಥ ಎರಡು ಪದ್ಧತಿಗಳ ವಿರುದ್ಧ ಸ್ಪಷ್ಟವಾಗಿ ನಿಲುವು ತೆಗೆದುಕೊಂಡಿತು. ಮಗುವಿನ ಬೆರಳು ತಾನಾಗಿ ಹೋಗಬೇಕು.

ಭಾಷೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಮನೆಯಲ್ಲಿ ಎರಡು ಭಾಷೆ ಆಡಿದರೆ ಗೊಂದಲ ಆಗುತ್ತದೆ, ಶಾಲೆಯ ಭಾಷೆ ಒಂದೇ ಇರಲಿ ಅಂತ ಸಲಹೆ ಕೊಡುವವರು ಈಗಲೂ ಇದ್ದಾರೆ. ಎರಡು ಭಾಷೆ ಕೇಳಿ ಬೆಳೆಯುವ ಆಟಿಸಂ ಮಕ್ಕಳಿಗೆ ಅದರಿಂದ ಮಾತು ಇನ್ನಷ್ಟು ತಡ ಆಗುತ್ತದೆ ಅಂತ ಸಂಶೋಧನೆಗಳಲ್ಲಿ ಕಂಡಿಲ್ಲ. ನಿಮಗೆ ಮುದ್ದು ಮಾಡಲು, ಸಮಾಧಾನ ಮಾಡಲು, ಹಾಡಲು ಯಾವ ಭಾಷೆ ಸಲೀಸೋ ಅದರಲ್ಲೇ ಮಾತಾಡಿ. ಅಜ್ಜಿ ತಾತನ ಜೊತೆ ಮಗುವಿಗೆ ಮಾತೇ ಇಲ್ಲದ ಹಾಗೆ ಮಾಡಬೇಡಿ.

ಅಪ್ಪ ಅಮ್ಮನಿಗೆ ಕಲಿಯಲು ಇರುವುದರಲ್ಲಿ ನನಗೆ ಅತಿ ಮೆಚ್ಚುಗೆ ಆಗಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಪೋಷಕರ ಕೌಶಲ ತರಬೇತಿ. 2ರಿಂದ 9 ವರ್ಷದ, ಬೆಳವಣಿಗೆ ನಿಧಾನ ಇರುವ ಮಕ್ಕಳ ಮನೆಯವರಿಗಾಗಿ ಮಾಡಿದ್ದು. ಗುಂಪಿನಲ್ಲಿ ಕಲಿಯುವುದಾದರೆ 9 ತರಗತಿ, ಜೊತೆಗೆ 3 ಸಲ ಮನೆಗೆ ಬಂದು ನೋಡುತ್ತಾರೆ. ಗುಂಪು ಸಿಗದವರಿಗೆ 2022ರಲ್ಲಿ ಆನ್‌ಲೈನ್ ರೂಪ ಬಂತು, ಅದು ಪುಕ್ಕಟೆ. ಇಂಥದ್ದೇ ತೊಂದರೆ ಅಂತ ಡಾಕ್ಟರು ಬರೆದುಕೊಡುವವರೆಗೆ ಕಾಯಬೇಕಿಲ್ಲ. ಇದರಲ್ಲಿ ಹೊಸ ಸಾಮಾನು ಏನೂ ಬೇಡ. ಬಟ್ಟೆ ಮಡಚುವಾಗ, ಸ್ನಾನ ಮಾಡಿಸುವಾಗ, ಮನೆಯ ಮಾಮೂಲಿ ಕೆಲಸಗಳಲ್ಲೇ ಮಗುವನ್ನು ಜೊತೆಗೆ ಸೇರಿಸಿಕೊಳ್ಳುವುದು ಹೇಗೆ, ಒಂದು ಕೆಲಸವನ್ನು ಸಣ್ಣ ಹೆಜ್ಜೆಗಳಾಗಿ ಒಡೆಯುವುದು ಹೇಗೆ, ರಂಪ ಆಗುವ ಮುಂಚಿನ ಸೂಚನೆ ಹಿಡಿಯುವುದು ಹೇಗೆ ಅಂತ ಹೇಳುತ್ತದೆ. ಪೋಷಕರ ಸ್ವಂತ ದಣಿವಿನ ಬಗ್ಗೆಯೂ ಪಾಠ ಇದೆ, ಅದನ್ನು ಹಾರಿಸಬೇಡಿ. ಕೊರತೆ ಅಂದರೆ ಆನ್‌ಲೈನ್‌ನಲ್ಲಿ ನಿಮ್ಮ ಮಗುವನ್ನು ನೋಡಿ ತಿದ್ದುವವರು ಇರುವುದಿಲ್ಲ.

ಆ ಕೊರತೆ ತುಂಬಲು ಒಂದು ದಾರಿ ಇದೆ, ವಿಡಿಯೊ. ಬ್ರಿಟನ್ನಿನಲ್ಲಿ ಪ್ಯಾಕ್ಟ್ ಅನ್ನುವ ಚಿಕಿತ್ಸೆಯ ಮೇಲೆ 152 ಮಕ್ಕಳ ದೊಡ್ಡ ಅಧ್ಯಯನ ನಡೆಯಿತು, 2010ರಲ್ಲಿ ವೈದ್ಯಕೀಯ ಪತ್ರಿಕೆಯಾದ ಲ್ಯಾನ್ಸೆಟ್‌ನಲ್ಲಿ ಬಂತು. ಥೆರಪಿಸ್ಟ್ ಮಗುವಿಗೆ ನೇರವಾಗಿ ಏನೂ ಕಲಿಸುವುದಿಲ್ಲ. ಅಪ್ಪ ಅಥವಾ ಅಮ್ಮ ಮಗುವಿನ ಜೊತೆ ಆಡುವುದನ್ನು ಚಿತ್ರೀಕರಿಸಿ, ಆಮೇಲೆ ಜೊತೆಗೆ ಕೂತು ನೋಡುತ್ತಾರೆ. ಇಲ್ಲಿ ಮಗು ನಿಮ್ಮ ಕಡೆ ತಿರುಗಿತು ನೋಡಿ, ಇಲ್ಲಿ ನೀವು ಬೇಗ ಮಾತಾಡಿಬಿಟ್ಟಿರಿ, ಹೀಗೆ. 2016ರಲ್ಲಿ, ಅಂದರೆ ವರ್ಷಗಳ ನಂತರ, ಅದೇ ಮಕ್ಕಳನ್ನು ಮತ್ತೆ ನೋಡಿದಾಗ ಚಿಕಿತ್ಸೆ ಸಿಕ್ಕಿದ ಗುಂಪಿನಲ್ಲಿ ತೊಂದರೆಗಳ ತೀವ್ರತೆ ಕಡಿಮೆ ಇತ್ತು. ಅದು ತರಬೇತಾದವರು ಮಾಡುವ ಕೆಲಸ, ನಾವು ಮನೆಯಲ್ಲಿ ಪೂರ್ತಿ ಮಾಡಲು ಬರುವುದಿಲ್ಲ. ಆದರೂ ಫೋನನ್ನು ಒಂದು ಕಡೆ ಒರಗಿಸಿಟ್ಟು ಐದು ನಿಮಿಷದ ಆಟ ಚಿತ್ರೀಕರಿಸಿ ನೋಡಿ. ಮಗು ಎಷ್ಟು ಸಲ ನಮ್ಮ ಕಡೆ ನೋಡಿರುತ್ತದೆ, ಎಷ್ಟು ಸಣ್ಣ ಸದ್ದು ಮಾಡಿ ಏನೋ ಹೇಳಿರುತ್ತದೆ ಅನ್ನುವುದು ಆಗ ಕಾಣುತ್ತದೆ. ಕೆನಡಾದ ಹಾನೆನ್ ಕೇಂದ್ರದವರು ಪೋಷಕರಿಗೆ ಹೇಳಿಕೊಡುವುದೂ ಇದನ್ನೇ: ನೋಡಿ, ಕಾಯಿರಿ, ಕೇಳಿಸಿಕೊಳ್ಳಿ. ಕಾಯುವುದು ಬಹಳ ಕಷ್ಟ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ ನೋಡಿ, ಎಷ್ಟೋ ಸಲ ಎಂಟಕ್ಕೋ ಒಂಬತ್ತಕ್ಕೋ ಮಗು ಏನಾದರೂ ಮಾಡುತ್ತದೆ.

ಸೆನ್ಸರಿ ಸಾಮಾನುಗಳಿಗೆ ಬರೋಣ. ಇಲ್ಲಿ ವ್ಯಾಪಾರ ಜಾಸ್ತಿ, ಪುರಾವೆ ಕಡಿಮೆ. ಆದರೂ ಒಂದು ವಸ್ತುವನ್ನು ಕಣ್ಣು ಮುಚ್ಚಿ ಹೊಗಳುತ್ತೇನೆ, ಮಕ್ಕಳ ಅಳತೆಯ ಇಯರ್‌ಮಫ್. ಶಬ್ದದಿಂದ ನೋವು ಪಡುವ ಮಗುವಿಗೆ ಅದು ತಕ್ಷಣದ ಆಸರೆ. ಬ್ಯಾಟರಿ ಹಾಕಿ ಬಳಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಫ್ಯಾನ್, ವಿಮಾನ, ಇಂಜಿನ್ ತರಹದ ಒಂದೇ ಸಮನೆ ಬರುವ ಸದ್ದಿಗೆ ಒಳ್ಳೆಯದು. ಹಾರ್ನ್, ನಾಯಿ ಬೊಗಳುವುದು, ಡ್ರಿಲ್ಲಿಂಗ್ ಮಷೀನ್, ಇಂಥ ದಿಢೀರ್ ಸದ್ದಿಗೆ ದಪ್ಪ ಮೆತ್ತೆಯ ಸಾದಾ ಇಯರ್‌ಮಫ್ಫೇ ಮೇಲು, ಕಡಿಮೆ ದುಡ್ಡಿನಲ್ಲೂ ಸಿಗುತ್ತದೆ. ಇಡೀ ದಿನ ಹಾಕಿಸಬೇಡಿ, ಶಾಂತವಾದ ಕಡೆ ತೆಗೆಯಲು ಬಿಡಿ, ಇಲ್ಲದಿದ್ದರೆ ಸಣ್ಣ ಸದ್ದೂ ಜೋರಾಗಿ ಕೇಳಿಸಲು ಶುರುವಾಗಬಹುದು. ಬಾಗಿಲ ಹತ್ತಿರ ಕೊಕ್ಕೆಗೆ ನೇತುಹಾಕಿ, ಮಗುವಿನ ಕೈಗೆ ಎಟಕುವ ಎತ್ತರದಲ್ಲಿ. ಬೇಕು ಅನ್ನಿಸಿದಾಗ ತಾನೇ ಹೋಗಿ ತೆಗೆದುಕೊಳ್ಳಲಿ.

ಭಾರದ ಹೊದಿಕೆಯ ಬಗ್ಗೆ ನೇರವಾಗಿ ಹೇಳುತ್ತೇನೆ, ನಿದ್ದೆಗೆ ಅಂತ ಅದನ್ನು ಕೊಳ್ಳಬೇಡಿ. 2014ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 5ರಿಂದ 16 ವರ್ಷದ 67 ಮಕ್ಕಳಿಗೆ ಭಾರದ ಹೊದಿಕೆಯನ್ನೂ ಮಾಮೂಲಿ ಹೊದಿಕೆಯನ್ನೂ ಸರದಿಯಂತೆ ಕೊಟ್ಟು ನೋಡಿದರು. ನಿದ್ದೆಯ ಹೊತ್ತು ಏನೂ ಜಾಸ್ತಿ ಆಗಲಿಲ್ಲ. ಆದರೆ ಮಕ್ಕಳಿಗೂ ಪೋಷಕರಿಗೂ ಭಾರದ್ದೇ ಹೆಚ್ಚು ಇಷ್ಟ ಆಯಿತು. ಅಂದರೆ ಎಚ್ಚರ ಇರುವಾಗ ಸುತ್ತಿಕೊಂಡು ಕೂರಲು ಮಗುವಿಗೆ ಹಿತ ಅನ್ನಿಸಿದರೆ ಇರಲಿ. ತಾನೇ ಸರಿಸಿಕೊಂಡು ಹೊರಬರಲು ಆಗದ ಮಗುವಿಗೆ, ಪುಟ್ಟ ಕೂಸಿಗೆ ಅದನ್ನು ಹೊದಿಸುವುದು ಅಪಾಯ, ಉಸಿರುಗಟ್ಟಬಹುದು. ನಿದ್ದೆಯ ತೊಂದರೆ ಗಂಭೀರ ಇದ್ದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ, ಹಲ್ಲು, ಉಸಿರಾಟ, ಇವುಗಳಲ್ಲಿ ಏನಾದರೂ ತೊಂದರೆ ಇದೆಯಾ ಅಂತ ನೋಡಿಸುವುದು ಮುಖ್ಯ, ಯಾಕೆಂದರೆ ಮಗು ಬಾಯಿ ಬಿಟ್ಟು ಹೇಳುವುದಿಲ್ಲ.

ಉಯ್ಯಾಲೆ, ಪುಟ್ಟ ಟ್ರ್ಯಾಂಪೊಲಿನ್, ಅಗಿಯುವ ಸಿಲಿಕೋನ್ ಸರ, ಇವೆಲ್ಲ ಮಗುವಿಗೆ ಖುಷಿ ಕೊಟ್ಟರೆ ಒಳ್ಳೆಯದು. ಸರ ಕೊಳ್ಳುವಾಗ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕೊಂಡಿ ಇದೆಯಾ ನೋಡಿ. ಬಣ್ಣದ ದೀಪ, ನೀರಗುಳ್ಳೆ ಕೊಳವೆ ಇರುವ ದೊಡ್ಡ ಕಿಟ್‌ಗಳಿಗೆ ಹೋಗಬೇಡಿ. ಮಂದ ಬೆಳಕಿನ ಒಂದು ಮೂಲೆ, ಒಂದು ದಿಂಬು, ಅಲ್ಲಿಗೆ ಹೋದಾಗ ಯಾರೂ ಮಾತಾಡಿಸಬಾರದು ಅನ್ನುವ ಕಟ್ಟುನಿಟ್ಟು, ಇಷ್ಟಿದ್ದರೆ ಮೆಲ್ಟ್‌ಡೌನ್ (ತಡೆಯಲಾಗದೆ ಅಳುವ, ಕೂಗಾಡುವ ಸ್ಥಿತಿ) ಆಗುವ ಮುಂಚೆ ಮಗು ತಾನೇ ಅಲ್ಲಿಗೆ ಹೋಗಲು ಕಲಿಯುತ್ತದೆ. ತಪ್ಪು ಮಾಡಿದ್ದಕ್ಕೆ ಕೂರಿಸುವ ಜಾಗ ಅದಾಗಬಾರದು.

ಸುರಕ್ಷತೆಯ ಸಾಮಾನಿನಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಅಮೆರಿಕದ ಕುಟುಂಬಗಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಆಟಿಸಂ ಇರುವ ಮಕ್ಕಳಲ್ಲಿ ಶೇಕಡ 49ರಷ್ಟು ಮಕ್ಕಳು ನಾಲ್ಕು ವರ್ಷ ದಾಟಿದ ಮೇಲೂ ಒಂದು ಸಲವಾದರೂ ಮನೆಯಿಂದಲೋ ಶಾಲೆಯಿಂದಲೋ ಹೇಳದೆ ಹೊರಟುಹೋಗಲು ನೋಡಿದ್ದರು. ನೀರು ಮತ್ತು ರಸ್ತೆ, ಇವೆರಡೇ ದೊಡ್ಡ ಅಪಾಯ. ಬಾಗಿಲು ತೆರೆದರೆ ಸದ್ದು ಮಾಡುವ ಸಣ್ಣ ಅಲಾರಂ ಸುಲಭವಾಗಿ ಸಿಗುತ್ತದೆ. ಹೆಸರು ಹೇಳಲು ಬಾರದ ಮಗುವಿನ ಬಟ್ಟೆಯ ಒಳಗೆ, ಕೈಪಟ್ಟಿಯಲ್ಲಿ ಫೋನ್ ನಂಬರ್ ಇರಲಿ. ಜಿಪಿಎಸ್ ಟ್ಯಾಗ್ ಹಾಕಿದರೂ ಅದನ್ನೇ ನಂಬಿ ಕೂರಬೇಡಿ. ಈಜು ಕಲಿಸಿ. ಅಕ್ಕಪಕ್ಕದ ನಾಲ್ಕು ಮನೆಯವರಿಗೆ ಮಗುವಿನ ಬಗ್ಗೆ ಹೇಳಿಡಿ, ನಾಚಿಕೆ ಪಡುವ ವಿಷಯ ಇದಲ್ಲ.

ಒಂದು ನೋಟ್‌ಬುಕ್ ಬಗ್ಗೆ ಹೇಳಲೇಬೇಕು. ಮಗು ಹೊಡೆದರೆ, ಕಚ್ಚಿದರೆ, ತಲೆ ಚಚ್ಚಿಕೊಂಡರೆ ಮೂರು ಅಂಕಣ ಹಾಕಿ ಬರೆಯಿರಿ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. ಹೊತ್ತನ್ನೂ ಬರೆಯಿರಿ. ಕೆಲವು ವಾರಗಳಲ್ಲಿ ಏನೋ ಒಂದು ಕ್ರಮ ಕಾಣಲು ಶುರುವಾಗುತ್ತದೆ. ನಮ್ಮಲ್ಲಿ ಕಂಡಿದ್ದು ಮನೆಯೊಳಗೆ ಒಟ್ಟಿಗೆ ಟಿವಿ ಮತ್ತು ಜನರ ಮಾತು ಎರಡೂ ಇದ್ದ ಹೊತ್ತು. ಟಿವಿ ಆರಿಸಿದೆವು, ಅಷ್ಟೇ. ಥೆರಪಿಸ್ಟ್ ಹತ್ತಿರ ಹೋದಾಗ ಈ ಪುಟಗಳನ್ನು ತೋರಿಸಿ, ಮಾತಿನಲ್ಲಿ ನೆನಪಿಸಿಕೊಂಡು ಹೇಳುವುದಕ್ಕಿಂತ ಎಷ್ಟೋ ಉಪಯೋಗ.

ಈಗ ಹತ್ತಿರ ಕೂಡ ಹೋಗಬಾರದ ಕೆಲವು. ಆಟಿಸಂ ವಾಸಿ ಮಾಡುತ್ತೇವೆ ಅಂತ ಹೇಳುವ ಯಾರನ್ನೂ ನಂಬಬೇಡಿ. ದೇಹದಿಂದ ಲೋಹ ತೆಗೆಯುತ್ತೇವೆ ಅನ್ನುವ ಕೀಲೇಶನ್ ಚಿಕಿತ್ಸೆಯಲ್ಲಿ 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಮಗುವೊಂದು ಸತ್ತೇಹೋಯಿತು. ಬ್ಲೀಚ್‌ನಂಥ ಕ್ಲೋರಿನ್ ಡೈಆಕ್ಸೈಡ್ ದ್ರಾವಣವನ್ನು ಔಷಧಿ ಅಂತ ಕುಡಿಸುವವರಿದ್ದಾರೆ, ಕೇಳಿದರೇ ಮೈ ನಡುಗುತ್ತದೆ. ಅಧಿಕ ಒತ್ತಡದ ಆಕ್ಸಿಜನ್ ಕೋಣೆಯೂ ಆಟಿಸಂಗೆ ಮದ್ದಲ್ಲ. ಇವೆಲ್ಲದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿದೆ. ಲಸಿಕೆಯಿಂದ ಆಟಿಸಂ ಅಂತ 1998ರಲ್ಲಿ ಗುಲ್ಲೆಬ್ಬಿಸಿದ ಬ್ರಿಟನ್ನಿನ ಡಾಕ್ಟರ್ ವೇಕ್‌ಫೀಲ್ಡ್ ಲೇಖನವನ್ನು ಲ್ಯಾನ್ಸೆಟ್ 2010ರಲ್ಲಿ ಪೂರ್ತಿ ಹಿಂತೆಗೆದುಕೊಂಡಿತು, ಆಮೇಲೂ ಆ ಮಾತು ನಿಂತಿಲ್ಲ. ಗೋಧಿಯಲ್ಲಿರುವ ಗ್ಲುಟನ್ ಬಿಡಿಸುವುದು, ಹಾಲು ಬಿಡಿಸುವುದರಿಂದ ಆಟಿಸಂ ಕಡಿಮೆ ಆಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಮೊದಲೇ ಕೆಲವೇ ಬಗೆ ತಿನ್ನುವ ಮಗುವಿನ ತಟ್ಟೆಯಿಂದ ಇನ್ನೂ ಕಡಿಮೆ ಮಾಡುವ ಮುಂಚೆ ಡಾಕ್ಟರನ್ನು ಕೇಳಿ.

ಓದಲು, ಕೇಳಲು ಏನಾದರೂ ಹುಡುಕುತ್ತಿದ್ದರೆ ಆಟಿಸಂ ಇರುವ ದೊಡ್ಡವರು ತಾವೇ ಹೇಳಿದ್ದನ್ನು ಹುಡುಕಿ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂದಾಗ ಮಾತು ಕೇಳಿಸುವುದೇ ನಿಲ್ಲುತ್ತಿತ್ತು, ಕೈ ಆಡಿಸುವುದನ್ನು ತಡೆದಾಗ ಒಳಗಿನ ಗಾಬರಿ ಜಾಸ್ತಿ ಆಗುತ್ತಿತ್ತು ಅಂತ ಅವರು ಹೇಳುವಾಗ, ನಮ್ಮ ಮಕ್ಕಳು ಹೇಳಲು ಆಗದ್ದು ನಮಗೆ ಕೇಳಿಸುತ್ತದೆ. ನಾನು ಇಲ್ಲಿ ಬರೆದ ಎಷ್ಟೋ ವಿಷಯ ಹೀಗೆ ತಿಳಿದುಕೊಂಡಿದ್ದು.

ಕೊನೆಯದಾಗಿ, ಯಾರೂ ಮಾರದ ಒಂದು ವಸ್ತು. ಒಂದೇ ಒಂದು ಪುಟದಲ್ಲಿ ನಿಮ್ಮ ಮಗುವಿನ ಪರಿಚಯ ಬರೆದಿಡಿ. ಏನು ಇಷ್ಟ, ಯಾವ ಸದ್ದು ಆಗುವುದಿಲ್ಲ, 'ಬೇಡ' ಅಂತ ಹೇಗೆ ಹೇಳುತ್ತದೆ, ನೋವಾದಾಗ ಏನು ಮಾಡುತ್ತದೆ, ಮೆಲ್ಟ್‌ಡೌನ್ ಆದಾಗ ಮುಟ್ಟಬಹುದಾ ಬಾರದಾ, ಏನು ಮಾಡಿದರೆ ಬೇಗ ಸಮಾಧಾನ ಆಗುತ್ತದೆ. ಹೊಸ ಟೀಚರ್, ಅಜ್ಜಿ ಮನೆ, ದಂತವೈದ್ಯರು, ಮಗುವನ್ನು ಒಂದು ಗಂಟೆ ನೋಡಿಕೊಳ್ಳಲು ಬಂದ ಚಿಕ್ಕಮ್ಮ, ಎಲ್ಲರಿಗೂ ಅದರ ಪ್ರತಿ ಕೊಡಿ. ಮಗುವಿಗೆ ಆಗುತ್ತದೆ ಅಂದರೆ ಏನು ಬರೆಯಬೇಕು ಅಂತ ಅದನ್ನೇ ಕೇಳಿ, ಚಿತ್ರ ತೋರಿಸಿಯಾದರೂ ಕೇಳಿ. ಮಕ್ಕಳು ಬೇಗ ಬದಲಾಗುತ್ತಾರೆ, ಹಾಗಾಗಿ ಮೇಲೆ ತಾರೀಖು ಹಾಕಿ, ಆರು ತಿಂಗಳಿಗೊಮ್ಮೆ ತಿದ್ದಿ, ಹಳೆಯ ಪ್ರತಿ ಯಾರ ಹತ್ತಿರ ಇದೆಯೋ ಅವರಿಗೆಲ್ಲ ಹೊಸದು ಕಳಿಸಿ.